ಪುಷ್ಯ ಮಳೆಯ ಲೆಕ್ಕ

ಮಲೆನಾಡಿನ ಒಂಟಿಮನೆಗೆ ಕರೆಂಟು ಕಂಬ ಬರುವುದೇ ಕಷ್ಟ. ಬಂದರೂ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ಕತ್ತಲೆ. ಹಾಗಾಗಿ ಸ್ವಂತ ಕರೆಂಟಿಗೆ ಹೊರಟವರು ಮೊದಲು ಕೇಳುವುದು, ಎಷ್ಟು ದೊಡ್ಡ ಬ್ಯಾಟರಿ ಹಾಕಿಸಬೇಕು ಎಂದು. ಅಲ್ಲಿಂದ ಶುರು ಮಾಡಿದರೆ ದುಡ್ಡೂ ಹೋಗುತ್ತದೆ, ಬೆಳಕೂ ಉಳಿಯುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಭತ್ತವೇ ಬಾರದ ಮನೆಯಲ್ಲಿ ಕಣಜ ದೊಡ್ಡದು ಮಾಡಿ ಏನು ಬಂತು?

12 ವೋಲ್ಟಿನ, 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿ ಲೆಕ್ಕಕ್ಕೆ 1.8 ಯೂನಿಟ್ ಹಿಡಿಯುತ್ತದೆ. ದಿನಾ ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಸ್ಸು ಕುಗ್ಗುವುದರಿಂದ ಕೈಗೆ ಸಿಗುವುದು 0.9 ಮಾತ್ರ. ಪುನರ್ವಸು, ಪುಷ್ಯ ಮಳೆ ಹಿಡಿದು ಮೋಡ ಬಿಡದಿದ್ದಾಗ ಪ್ಯಾನೆಲ್‌ನಿಂದ ಅಷ್ಟೂ ತುಂಬುವುದಿಲ್ಲ. ಬ್ಯಾಟರಿ ಅರೆಬರೆ ಚಾರ್ಜಿನಲ್ಲೇ ವಾರಗಟ್ಟಲೆ ಕೂತರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಅದು ಮೊದಲಿನಂತಾಗದು. ನಾಲ್ಕು ಬ್ಯಾಟರಿ ಇಟ್ಟವರದು ನಾಲ್ಕೂ ಹಾಳಾಗುತ್ತವೆ. ಲಿಥಿಯಂ ಬ್ಯಾಟರಿ ಈ ಅರೆಹೊಟ್ಟೆಯನ್ನು ತಾಳಿಕೊಳ್ಳುತ್ತದೆ, ನಿಜ. ಆದರೆ ಅದನ್ನೂ ಯಾರಾದರೂ ತುಂಬಲೇಬೇಕು.

ಆದ್ದರಿಂದ ಲೆಕ್ಕ ಜುಲೈ ತಿಂಗಳಿನಿಂದ ಶುರುವಾಗಲಿ. ಆಗ ಫ್ಯಾನ್ ಬೇಕಿಲ್ಲ. 9 ವಾಟಿನ ನಾಲ್ಕು ಎಲ್‌ಇಡಿ ಐದು ಗಂಟೆ ಉರಿದರೆ 0.18 ಯೂನಿಟ್. 500 ವಾಟಿನ ಮಿಕ್ಸಿ ಹತ್ತು ನಿಮಿಷ ತಿರುಗಿದರೆ ಅದರ ಅರ್ಧವೂ ಇಲ್ಲ. ಸ್ನಾನದ ನೀರಿಗೆ ಹಂಡೆಯ ಒಲೆ ಇದ್ದೇ ಇದೆ. ತೊಂದರೆ ಕೊಡುವುದು ಹಗಲೂ ರಾತ್ರಿ ಓಡುವ ಫ್ರಿಜ್ಜು ಮತ್ತು ಬಾವಿಯ ಪಂಪು. ಒಂದು ಎಚ್‌ಪಿ ಎಂದರೆ 746 ವಾಟ್. ಸ್ಟಾರ್ಟ್ ಆಗುವ ಕ್ಷಣಕ್ಕೆ ಅದರ ಹಲವು ಪಟ್ಟು ಎಳೆಯುತ್ತದೆ. ಈ ಒಂದು ಪಂಪಿಗಾಗಿ ಇನ್ವರ್ಟರ್, ಬ್ಯಾಟರಿ ಎಲ್ಲ ದೊಡ್ಡದು ಮಾಡಬೇಕಿಲ್ಲ. ಅದು ಜನರೇಟರಿನ ಕೆಲಸ.

ಜನರೇಟರನ್ನು ಎಷ್ಟೋ ಮನೆಗಳಲ್ಲಿ ಸಂಜೆ ದೀಪಕ್ಕೆಂದು ಹಚ್ಚುತ್ತಾರೆ. ಮೂರು ಕಿಲೋವಾಟಿನ ಯಂತ್ರ ಇನ್ನೂರು ವಾಟಿಗಾಗಿ ಗುಡುಗುಡು ಎನ್ನುತ್ತ ಪೆಟ್ರೋಲ್ ಕುಡಿಯುತ್ತದೆ. ಬೆಳಿಗ್ಗೆ ಎರಡು ಗಂಟೆ ಓಡಿಸಿ, ಆಗಲೇ ಟ್ಯಾಂಕಿಗೆ ನೀರೇರಿಸಿ, ಹಿಟ್ಟು ರುಬ್ಬಿ, ಜೊತೆಯಲ್ಲೇ ಬ್ಯಾಟರಿಗೂ ಚಾರ್ಜ್ ಕೊಟ್ಟರೆ ಸುಟ್ಟ ಎಣ್ಣೆಗೆ ಬೆಲೆ ಬರುತ್ತದೆ. ಸೀಸದ ಬ್ಯಾಟರಿ ಮುಕ್ಕಾಲು ತುಂಬುವವರೆಗೆ ಬೇಗ ಎಳೆದುಕೊಳ್ಳುತ್ತದೆ, ಕೊನೆಯ ಪಾಲನ್ನು ಗಂಟೆಗಟ್ಟಲೆ ಕುಡಿಯುತ್ತದೆ. ಆ ನಿಧಾನದ ಪಾಲನ್ನು ಮಂಕು ಬಿಸಿಲಿಗೆ ಬಿಡಬಹುದು. ಒಂದು ಮಾತು: ಮಳೆ ಎಂದು ಜನರೇಟರನ್ನು ಮನೆಯೊಳಗೋ ಮುಚ್ಚಿದ ಕೊಟ್ಟಿಗೆಯಲ್ಲೋ ಇಡಲೇಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಇಷ್ಟರ ನಡುವೆ ಪ್ಯಾನೆಲ್ ಮಾರುವವರು ಕೇಳದ ಪ್ರಶ್ನೆಯೊಂದಿದೆ: ತೋಟದ ಮೇಲ್ಬದಿಯಲ್ಲಿ ಹಳ್ಳ ಇದೆಯೇ? ಸೂರ್ಯ ಕಾಣದ ತಿಂಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿಯಿರಿ. ನಾಲ್ಕು ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 5 ಲೀಟರ್. ಅದು 20 ಮೀಟರ್ ಇಳಿದು ಬಂದರೆ ನೀರಿನಲ್ಲಿರುವ ಶಕ್ತಿ ಸುಮಾರು 980 ವಾಟ್. ಸಣ್ಣ ಟರ್ಬೈನು ಅರ್ಧ ಹಿಡಿದರೂ ದಿನಕ್ಕೆ ಹನ್ನೊಂದು ಯೂನಿಟ್‌ಗೂ ಮೀರಿ. ಅಂಥ ಮನೆಗೆ ಒಂದೆರಡು ಬ್ಯಾಟರಿ ಧಾರಾಳ. ಬೇಸಗೆಯಲ್ಲಿ ಹಳ್ಳ ಬತ್ತುವ ಹೊತ್ತಿಗೆ ಪ್ಯಾನೆಲ್ ಮೇಲೆ ಬಿಸಿಲು ಬಿದ್ದಿರುತ್ತದೆ.