‘ಚೆನ್ನಾಗಿದೆ ಸರ್’ ಎಂಬ ಉತ್ತರದ ಹಿಂದೆ

ಕರ್ನಾಟಕದಿಂದ ನಾಗಪುರಕ್ಕೆ ಓದಲು ಬಂದ ಹುಡುಗರು ಭಾನುವಾರಗಳಂದು ಧರಮಪೇಠದ ನಮ್ಮ ಮನೆಗೆ ಊಟಕ್ಕೆ ಬರುವುದುಂಟು. ಕಳೆದ ವರ್ಷ ಹೀಗೆ ಬಂದ ಇಬ್ಬರಲ್ಲಿ ಒಬ್ಬನಿಗೆ ಹದಿನೆಂಟು. ಇನ್ನೊಬ್ಬ ಇಪ್ಪತ್ತೇಳರ ಸಂಶೋಧನ ವಿದ್ಯಾರ್ಥಿ. ಆರೋಗ್ಯ ವಿಚಾರಿಸಿದೆ. ಕಿರಿಯ ‘ತುಂಬ ಚೆನ್ನಾಗಿದೆ ಸರ್’ ಎಂದ. ಹಿರಿಯ ‘ಪರವಾಗಿಲ್ಲ’ ಎಂದ. ತಿಂಗಳ ತರುವಾಯ ಹಿರಿಯನಿಂದಲೇ ನಿಜ ತಿಳಿಯಿತು. ನಿದ್ರೆಯಲ್ಲಿ ಸಹಜವಾಗಿ ಆಗುವ ಸ್ಖಲನವನ್ನು ‘ಧಾತುನಷ್ಟ’ವೆಂದು ನಂಬಿ, ಆ ಹುಡುಗ ಗೋಡೆಬರಹದ ‘ಗುಪ್ತರೋಗ ತಜ್ಞ’ನೊಬ್ಬನಿಗೆ ಮೆಸ್ಸಿನ ಹಣವನ್ನೆಲ್ಲ ಸುರಿದಿದ್ದ. ಕೊನೆಗೆ ನಿಜವಾದ ವೈದ್ಯರ ಬಳಿಗೆ ಕರೆದೊಯ್ದವನು ಈ ಹಿರಿಯನೇ.

ಈ ಒಂಬತ್ತು ವರ್ಷಗಳ ಅಂತರದ ಬಗ್ಗೆ ನಮ್ಮಲ್ಲೊಂದು ಸಿದ್ಧ ಉತ್ತರವಿದೆ: ‘ವಯಸ್ಸಾದರೆ ತಾನೇ ತಿಳಿಯುತ್ತದೆ.’ ಹಾಗಿದ್ದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ನೋಡಿರಿ. 15ರಿಂದ 49 ವಯಸ್ಸಿನವರಲ್ಲಿ ಎಚ್‌ಐವಿ ಕುರಿತು ಸಮಗ್ರ ತಿಳಿವಳಿಕೆಯಿದ್ದವರು ಸ್ತ್ರೀಯರಲ್ಲಿ ಶೇ. 21.6, ಪುರುಷರಲ್ಲಿ ಶೇ. 30.7 ಮಾತ್ರ. ವಯಸ್ಸು ಕೂದಲನ್ನು ನರೆಸೀತು, ಪಾಠ ಹೇಳಲಾರದು.

ರಾಜ್ಯೋತ್ಸವದ ವೇಳೆ ವಿದ್ಯಾರ್ಥಿಗಳಿಗಾಗಿ ವೈದ್ಯರೊಬ್ಬರ ಉಪನ್ಯಾಸವಿರಲೆಂಬ ಸಲಹೆ ನಮ್ಮ ಸಂಘದಲ್ಲಿ ಬಂದಾಗ, ‘ಹೆಂಗಸರು ಮಕ್ಕಳಿರುವ ಸಭೆಯಲ್ಲಿ ಇದೇಕೆ?’ ಎಂದರು ಹಿರಿಯರು. ನಾನೂ ಮೌನವಾಗಿದ್ದೆ. ಆ ಮೌನದ ಬೆಲೆ ತೆತ್ತವನು ನನ್ನ ಮನೆಯಲ್ಲೇ ಉಂಡ ಹುಡುಗ.

ಇದು ನಮ್ಮ ಸಂಸ್ಕೃತಿಯಲ್ಲವೆನ್ನುವವರಿಗೆ ಇತಿಹಾಸ ನೆನಪಿರಲಿ. ರಘುನಾಥ ಧೋಂಡೋ ಕರ್ವೆ ಮುಂಬಯಿಯಲ್ಲಿ ಸಂತತಿ ನಿಯಂತ್ರಣ ಕೇಂದ್ರ ತೆರೆದದ್ದು 1921ರಲ್ಲಿ. ಮೈಸೂರು ಸಂಸ್ಥಾನವು ಸರ್ಕಾರಿ ಆಸ್ಪತ್ರೆಗಳಲ್ಲೇ ಅಂಥ ಕೇಂದ್ರಗಳಿಗೆ ಅಪ್ಪಣೆಯಿತ್ತದ್ದು 1930ರಲ್ಲಿ. ಅದೇ ಕರ್ನಾಟಕ, ಅದೇ ಮಹಾರಾಷ್ಟ್ರ 2007ರಲ್ಲಿ ಶಾಲೆಗಳ ಹದಿಹರೆಯದ ಶಿಕ್ಷಣಕ್ಕೆ ತಡೆಯೊಡ್ಡಿದವು! ಮುಂದೆ ನಡೆದವರಾರು, ಹಿಂದೆ ಸರಿದವರಾರು?

ಕನ್ನಡದಲ್ಲಿ ಸಭ್ಯ ಪದಗಳಿಲ್ಲವೆಂಬುದೂ ನೆಪವೇ. ವೈದ್ಯೆ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯನ್ನು ಬರೆದದ್ದು ಅಚ್ಚುಕಟ್ಟಾದ ಕನ್ನಡದಲ್ಲಿ. ಪರನಾಡಿನಲ್ಲಿ ಭಾಷೆಯನ್ನು ಉಳಿಸುತ್ತೇವೆಂದು ಘೋಷಿಸುವ ನಾವು, ಮಕ್ಕಳು ತಮ್ಮ ದೇಹದ ಕಷ್ಟವನ್ನು ಆ ಭಾಷೆಯಲ್ಲಿ ಹೇಳಲಾಗದಂತೆ ಮಾಡಿದರೆ ಉಳಿಸಿದ್ದೇನು?

ಮುಂದಿನ ಕಾರ್ಯಕಾರಿ ಸಮಿತಿಯಲ್ಲಿ ಆ ಸಲಹೆಯನ್ನು ನಾನೇ ಮಂಡಿಸುವೆ. ಹುಡುಗರಿಗೂ ಹುಡುಗಿಯರಿಗೂ ಬೇಕಾದರೆ ಬೇರೆ ಬೇರೆ ಸಭೆಗಳಿರಲಿ. ಆದರೆ ಅವರು ಹಾಸ್ಟೆಲ್ ಸೇರಿದ ಮೊದಲ ತಿಂಗಳಲ್ಲೇ ನಡೆಯಲಿ. ವಿರೋಧಿಸುವ ಹಿರಿಯರು, ಮೊದಲು ತಮ್ಮ ಮಗನ ‘ಚೆನ್ನಾಗಿದೆ’ಯನ್ನು ಎಷ್ಟರಮಟ್ಟಿಗೆ ನಂಬುತ್ತಾರೆಂಬುದನ್ನು ಹೇಳಲಿ.