ಶೈತ್ಯಾಗಾರವು ದಾನಿಯಾಗದು

2020ರಲ್ಲಿ ಕೊರೋನಾವು ವಿಮಾನಗಳನ್ನು ನೆಲಕ್ಕಿಳಿಸಿದಾಗ ಹಲವು ದೇಶಗಳ ವೈದ್ಯರು ಒಂದು ಕ್ರಮವನ್ನು ಅನುಸರಿಸಿದರು. ದಾನಿಯ ಸ್ಟೆಮ್ ಸೆಲ್‌ಗಳು ಆಸ್ಪತ್ರೆ ತಲಪಿ, ಶೈತ್ಯದಲ್ಲಿ ಭದ್ರವಾದ ಬಳಿಕವೇ ರೋಗಿಗೆ ಕಿಮೊಥೆರಪಿ ಆರಂಭಿಸಿದರು. ಕಾರಣ ಸ್ಪಷ್ಟ. ಕಿಮೊಥೆರಪಿಯು ಅಸ್ಥಿಮಜ್ಜೆಯನ್ನು ಬರಿದುಗೊಳಿಸಿದ ಮೇಲೆ ದಾನಿ ಸೋಂಕಿತನಾದರೆ ರೋಗಿಯ ಪ್ರಾಣಕ್ಕೇ ಸಂಚಕಾರ.

ಆದರೆ ಶೈತ್ಯಾಗಾರವು ಕೊಟ್ಟದ್ದನ್ನು ಕಾಪಾಡೀತೇ ಹೊರತು ಕೊಡಲಾರದು. ಒಡಹುಟ್ಟಿದವರಲ್ಲಿಯೂ ಪೂರ್ಣ ಹೊಂದಾಣಿಕೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗೆ ಹುಡುಕಿದರೆ ಅದು ಹೆಚ್ಚಾಗಿ ಸಿಗುವುದು ಸಮಾನ ವಂಶಮೂಲದವರಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಯುವಕರು ಹಿಂಜರಿದರೆ ನಮ್ಮ ಮಕ್ಕಳಿಗೆ ಕೊಡುವವರಾರು? ನೋಂದಣಿಗೆ ಕೆನ್ನೆಯ ಒಳಗಿನ ಸ್ಯಾಂಪಲ್ ಸಾಕು. ಕೊಟ್ಟ ಕೋಶಗಳನ್ನು ದೇಹವು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮರಣಾನಂತರದ ಅಂಗದಾನದ ವಿವಾದವನ್ನು ಇಲ್ಲಿಗೆ ಎಳೆದು ತರುವುದು ಹೊಣೆಗೇಡಿತನವೆಂದೇ ನಾವು ಹೇಳುತ್ತೇವೆ.

2020ರ ಏಪ್ರಿಲ್‌ನಲ್ಲಿ ತಬ್ಲೀಗ್ ಜಮಾಅತನ್ನು ಮಾಧ್ಯಮಗಳು ದೂಷಿಸುತ್ತಿದ್ದಾಗ, ದೆಹಲಿಯಲ್ಲಿ ಗುಣಮುಖರಾದ ಅದರ ಸದಸ್ಯರು ಪ್ಲಾಸ್ಮಾ ದಾನ ಮಾಡಿದರು. ಅಪಪ್ರಚಾರಕ್ಕೆ ಅದಕ್ಕಿಂತ ಉತ್ತಮ ಉತ್ತರವಿತ್ತೇ? ಒಂದು ಜೀವದ ರಕ್ಷಣೆಗೆ ಪವಿತ್ರ ಕುರ್‌ಆನ್ ಸಕಲ ಮಾನವಕುಲದ ರಕ್ಷಣೆಯ ಬೆಲೆ ಕಟ್ಟಿದೆ. ಆ ಬೋಧನೆಯನ್ನು ಜುಮಾ ಖುತುಬಾಗಳು ನೆನಪಿಸಲಿ, ಜಮಾಅತ್ ಕಮಿಟಿಗಳು ನೋಂದಣಿ ಶಿಬಿರ ಏರ್ಪಡಿಸಲಿ. ಪ್ರವಚನದಲ್ಲಷ್ಟೇ ಉಳಿದ ಕಾರುಣ್ಯವು ಯಾರ ಮಜ್ಜೆಯನ್ನೂ ತುಂಬಲಾರದು.