ಹುಲ್ಲಿನ ಬೆಟ್ಟದಲ್ಲಿ ಬೀಜದುಂಡೆ

ಮಕ್ಕಳೇ, ಚಿಕ್ಕಮಗಳೂರು ಜಿಲ್ಲೆಯ ಕಳಸ ದಾಟಿ ಕುದುರೆಮುಖದ ರಸ್ತೆ ಹಿಡಿದರೆ ಕಣ್ಣು ತುಂಬುವುದು ಹುಲ್ಲು. ಬೆಟ್ಟದ ಹಿಂದೆ ಬೆಟ್ಟ, ಎಲ್ಲಕ್ಕೂ ಹುಲ್ಲಿನದೇ ಹೊದಿಕೆ. ಎರಡು ಗುಡ್ಡ ಕೂಡುವ ಕಣಿವೆಯಲ್ಲಿ ಮಾತ್ರ ಮರಗಳು ಒತ್ತಾಗಿ ಬೆಳೆದಿರುತ್ತವೆ. ಅದಕ್ಕೆ ಶೋಲಾ ಕಾಡು ಎಂದು ಹೆಸರು. ಈ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ.

ನವೆಂಬರ್ ಕೊನೆಯಲ್ಲಿ ನಾನೂ ಆರನೇ ತರಗತಿಯ ಮೊಮ್ಮಗಳೂ ಅಲ್ಲಿ ಒಂದು ದಿನ ಸುತ್ತಾಡಿದೆವು. ಅವಳ ಚೀಲದಲ್ಲಿ ಶಾಲೆಯಲ್ಲಿ ಮಾಡಿದ ಇಪ್ಪತ್ತು ಬೀಜದುಂಡೆಗಳಿದ್ದವು. ಹೊಂಗೆ, ಹುಣಸೆ ಬೀಜಕ್ಕೆ ಮಣ್ಣು, ಸಗಣಿ ಮೆತ್ತಿ ಒಣಗಿಸಿದವು. ಬೋಳು ಗುಡ್ಡ ಕಂಡದ್ದೇ ಕೈ ಎತ್ತಿದಳು.

"ಇಲ್ಲಿ ಬೇಡ ಪುಟ್ಟಿ," ಎಂದರು ಹತ್ತಿರ ನಿಂತಿದ್ದ ಅರಣ್ಯ ರಕ್ಷಕರು.

ಅವಳ ಮುಖ ಸಣ್ಣದಾಯಿತು. "ಹಾಗಾದರೆ ಮರ ನೆಡಿ ಅಂತ ಟೀಚರ್ ಹೇಳಿದ್ದು ತಪ್ಪಾ ಅಜ್ಜ?"

ತಪ್ಪಲ್ಲ. ಊರಿನ ರಸ್ತೆ ಬದಿಗೆ ಅದು ಸರಿ. ಈ ಗುಡ್ಡ ಮಾತ್ರ ಯಾರೋ ಮರ ಕಡಿದು ಬೋಳಾದದ್ದಲ್ಲ. ಜೋರು ಗಾಳಿ ಬೀಸುವ, ಮಣ್ಣು ತೆಳುವಾದ ಇಳಿಜಾರಿನಲ್ಲಿ ಹುಲ್ಲು ತಾನಾಗಿಯೇ ನೆಲೆನಿಂತಿದೆ. ಅದರ ಬೇರು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಮಳೆನೀರು ನೆಲಕ್ಕಿಳಿದು, ಕಣಿವೆಯ ಕಾಡಿನಲ್ಲಿ ಹನಿಹನಿಯಾಗಿ ಜಿನುಗಿ, ಬೇಸಿಗೆಯಲ್ಲೂ ಹಳ್ಳ ಹರಿಯುತ್ತದೆ. ಲೆಕ್ಕದ ಪುಸ್ತಕದಲ್ಲೇ ಆಯಸ್ಸು ಕಳೆದ ನನಗೆ ಇದು ಎಫ್‌ಡಿ ಬಡ್ಡಿಯ ಹಾಗೆ ಕಂಡಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇಲ್ಲಿನ ಗಂಗಾಮೂಲದ ಬೆಟ್ಟಗಳಲ್ಲಿ. ಪಶ್ಚಿಮ ಘಟ್ಟದಲ್ಲಿ ಹಿಂದೆ ಇಂಥ ಎಷ್ಟೋ ಹುಲ್ಲುಗಾವಲಿಗೆ, ಖಾಲಿ ಜಾಗವೆಂದೇ ಬಗೆದು, ಹೊರಗಿನ ಅಕೇಶಿಯಾ, ನೀಲಗಿರಿ ತಂದು ನೆಟ್ಟರು. ಹುಲ್ಲು ಹೋಯಿತು, ಹುಲ್ಲು ನಂಬಿದ ಹಕ್ಕಿಗಳಿಗೆ ಜಾಗ ಇಲ್ಲವಾಯಿತು.

ಮಧ್ಯಾಹ್ನ ಶೋಲಾದ ಅಂಚಿನಲ್ಲಿ ಬುತ್ತಿ ಬಿಚ್ಚಿದೆವು. ಸಿಂಗಳೀಕ ಕಾಣಲಿಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ ಇರುವ ಈ ಕೋತಿ ಮರದ ಮೇಲೆಯೇ ಬಾಳುತ್ತದೆ, ನೆಲಕ್ಕಿಳಿಯುವುದು ಅಪರೂಪ. ಉಲ್ಲಾಸ ಕಾರಂತರು ಎಂಬತ್ತರ ದಶಕದಲ್ಲಿ ಇಲ್ಲಿ ಇದನ್ನೇ ಹುಡುಕಿ ಅಲೆದರು. ಈ ಕಾಡಿಗೆ ರಕ್ಷಣೆ ಸಿಗಲು ಆ ಅಧ್ಯಯನ ನೆರವಾಯಿತು.

ಹಿಂತಿರುಗುವಾಗ ಕುದುರೆಮುಖ ಪಟ್ಟಣದಲ್ಲಿ ಬಾಗಿಲು ಮುಚ್ಚಿದ ಕ್ವಾರ್ಟರ್ಸ್‌ಗಳ ಸಾಲು ನೋಡಿ ಮೊಮ್ಮಗಳು ಯಾಕೆಂದಳು. ಇಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

"ಇಲ್ಲಿದ್ದವರು ಎಲ್ಲಿಗೆ ಹೋದರು?"

ಕೆಲಸವಿದ್ದಲ್ಲಿಗೆ ಹೋದರು ಎಂದೆ. ಅವಳಿಗೆ ಆ ಉತ್ತರ ಸಾಲಲಿಲ್ಲ. ನನಗೂ ಅಷ್ಟೇ. ನದಿ ಉಳಿಯಬೇಕಿತ್ತು, ನಿಜ. ಆದರೆ ಆ ಮನೆಗಳ ಜಗುಲಿಯಲ್ಲೂ ಮಕ್ಕಳು ಆಡಿದ್ದರಲ್ಲ.

ಹೋಗುವವರಿಗೆ ಒಂದು ಮಾತು: ಶಿಖರ ಹತ್ತಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಮಳೆಗಾಲದಲ್ಲಿ ಜಿಗಣೆ ಕಾಟ ವಿಪರೀತ. ಬಿಸ್ಕತ್ತಿನ ಕವರು ಜೇಬಿನಲ್ಲೇ ವಾಪಸು ಬರಲಿ.